ನಕ್ಕು ಪರೀಕ್ಷಿಸಲಾಗಿದೆ

ಎರಡನೆಯ ಪುಟ ಮುಗಿಯುತ್ತಿದ್ದಂತೆ ಯಜಮಾನರ ಎಡಹುಬ್ಬು ಮೇಲೇರಿತು. ಉದ್ದನೆಯ ಮೇಜಿನ ಸುತ್ತ ಕೂತಿದ್ದ ಒಂಬತ್ತು ಜನ ಹೆಂಗಸರು ಕೈಯಲ್ಲಿನ ಕೆಲಸ ನಿಲ್ಲಿಸದೆಯೇ ಹಿಹಿಹಿ ಎಂದು ನಕ್ಕರು. ಅವರ ನಡುವೆ ಕೂತು ಪುಸ್ತಕ ಹೊಲಿಯುತ್ತಿದ್ದ ಹೊಲಿಗೆಯಕ್ಕನೂ ನಕ್ಕಳು. ಯಜಮಾನರು ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಪುಟದ ಅಂಚಿಗೊಂದು ಸರಿ ಗುರುತು ಎಳೆದರು. "ಮುಂದೆ ಕೇಳಿ, ಮಜಾ ಇರೋದೇ ಮುಂದೆ" ಎಂದರು.

ಮಜಾ ಇರೋದೇ ಮುಂದೆ ಎಂದು ಅವರು ಹನ್ನೊಂದು ವರ್ಷದಿಂದ ಹೇಳುತ್ತಲೇ ಬಂದಿದ್ದರು.

ಆ ಕಟ್ಟಡದ ಮೂರು ಮಹಡಿಯಲ್ಲೂ ತಯಾರಾಗುತ್ತಿದ್ದುದು ಒಂದೇ ಸರಕು, ಎಳೆಯ ಮಕ್ಕಳ ನಗೆಪುಸ್ತಕ. ಇನ್ನೂ ಓದು ಬಾರದವರಿಗೆ ಚಿತ್ರದ ಪುಸ್ತಕ. ಅಕ್ಷರ ಕೂಡಿಸಲು ಕಲಿತವರಿಗೆ ಮೂರು ಮೂರು ಪುಟದ ಅಧ್ಯಾಯಗಳಿರುವ ಕಿರುಪುಸ್ತಕ. ಮೇಲೆ ಯಜಮಾನರ ಕೋಣೆ, ನಡುವೆ ಅಚ್ಚಿನ ಯಂತ್ರ, ಕೆಳಗೆ ಬೈಂಡಿಂಗ್. ಎಳೆಯ ಬೆರಳಿಗೆ ಚುಚ್ಚಬಾರದೆಂದು ಇಲ್ಲಿ ಪುಸ್ತಕಕ್ಕೆ ಪಿನ್ನು ಹೊಡೆಯದೆ ದಾರದಲ್ಲಿ ಹೊಲಿಯುತ್ತಿದ್ದರು. ಇಡೀ ಕಟ್ಟಡದಲ್ಲಿ ಮಕ್ಕಳನ್ನು ನೆನೆದು ಮಾಡುತ್ತಿದ್ದ ಕೆಲಸ ಅದೊಂದೇ. ಯಜಮಾನರಿಗೆ ಮಕ್ಕಳೆಂದರೆ ಆಗದು. ಗಲಾಟೆ ಮಾಡುತ್ತವೆ, ಮೂಗು ಸುರಿಸುತ್ತವೆ, ಹೊಸ ಕಾಗದಕ್ಕೆ ಕೈ ಒರೆಸುತ್ತವೆ. ಆದರೆ ಹಾಸ್ಯವನ್ನು ಅಚ್ಚಿಗೆ ಕಳಿಸುವ ಮುನ್ನ ಯಾರ ಮೇಲಾದರೂ ಪ್ರಯೋಗ ಮಾಡಬೇಕಲ್ಲ? ಯಾವುದೋ ವಿಚಾರ ಸಂಕಿರಣದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಅವರಿಗೆ ಜ್ಞಾನೋದಯವಾಗಿತ್ತು. "ನಮ್ಮ ಬೈಂಡಿಂಗ್ ಹೆಂಗಸರೂ ಒಂಥರಾ ಮಕ್ಕಳೇ. ಓದು ಕಮ್ಮಿ, ಕಪಟ ಇಲ್ಲ. ಅವರು ನಕ್ಕರೆ ಮಕ್ಕಳೂ ನಕ್ಕ ಹಾಗೇ."

ಅಂದಿನಿಂದ ಗುರುವಾರದ ಚಹಾದ ಹೊತ್ತು ನಗೆಪರೀಕ್ಷೆಯ ಹೊತ್ತಾಯಿತು. ಯಜಮಾನರು ಮಾದರಿ ಪ್ರತಿ ಹಿಡಿದು ಮೆಟ್ಟಿಲಿಳಿದು ಬರುವರು, ಓದುವರು, ಹೆಂಗಸರು ನಕ್ಕಲ್ಲಿ ಗುರುತು ಹಾಕುವರು. ಹತ್ತು ಗುರುತು ಬಿದ್ದರೆ ಪುಸ್ತಕ ಪಾಸು. ಹಿಂಬದಿಯ ರಟ್ಟಿನ ಮೇಲೆ ಗುಂಡನೆಯ ಕೆಂಪು ಮುದ್ರೆ ಬೀಳುವುದು: 'ನಕ್ಕು ಪರೀಕ್ಷಿಸಲಾಗಿದೆ.'

ಹೆಂಗಸರಿಗೆ ಎರಡನೆಯ ಗುರುವಾರವೇ ಮರ್ಮ ತಿಳಿದುಹೋಗಿತ್ತು. ನಗದೆ ಕೂತರೆ ಯಜಮಾನರು ಅದೇ ಪುಟವನ್ನು ಮತ್ತೆ ಓದುತ್ತಾರೆ, ಕೈಕಾಲು ಆಡಿಸಿ ಬಿಡಿಸಿ ಹೇಳುತ್ತಾರೆ, ಅಷ್ಟರಲ್ಲಿ ಚಹಾ ಆರಿ ನೀರಾಗುತ್ತದೆ. ನಕ್ಕರೆ ಪುಟ ಸರಿಯುತ್ತದೆ. ಹೀಗಾಗಿ ಒಂದು ಹುಬ್ಬು ಏರಿದರೆ ಹಿಹಿಹಿ. ಎರಡೂ ಏರಿದರೆ ಹೊಟ್ಟೆ ಹಿಡಿದುಕೊಳ್ಳುವುದು. ಕೊನೆಯ ಪುಟಕ್ಕೆ ಗೋಂದಕ್ಕ ಕಣ್ಣೊರೆಸಿಕೊಂಡು "ಅಯ್ಯೋ ಸಾಕು ಮಾಡಿ ಯಜಮಾನ್ರೇ, ಪಕ್ಕೆ ಹಿಡ್ಕೊಳ್ತು" ಅನ್ನುವುದು. ಗೋಂದಕ್ಕ ಇಪ್ಪತ್ತೈದು ವರ್ಷದಿಂದ ರಟ್ಟಿಗೆ ಗೋಂದು ಬಳಿಯುತ್ತಿದ್ದವಳು. ಗೋಂದಿನ ಘಾಟಿಗೆ ಅವಳ ಕಣ್ಣಲ್ಲಿ ಯಾವಾಗಲೂ ನೀರಿರುತ್ತಿತ್ತು. ಆ ನೀರು ಹಾಸ್ಯಸಾಹಿತ್ಯದ ಲೆಕ್ಕಕ್ಕೆ ಜಮಾ ಆಗುತ್ತಿತ್ತು.

ಹೊಲಿಗೆಯಕ್ಕನಿಗೆ ಇದೆಲ್ಲ ತಮಾಷೆಯೇ ಆಗಿತ್ತು, ಮೊಮ್ಮಗಳು ಓದಲು ಕಲಿಯುವ ತನಕ. ಮೊಮ್ಮಗಳಿಗೆ ಆರು ವರ್ಷ. ತಾಯಿ ಇಲ್ಲ, ಅಜ್ಜಿಯ ಮನೆಯಲ್ಲೇ ಬೆಳೆಯುತ್ತಿದ್ದಳು. ಚೋಟುದ್ದ ಇದ್ದುದರಿಂದ ಎಲ್ಲರಿಗೂ ಅವಳು ಚೋಟು. ಹೊಲಿಗೆ ಸೊಟ್ಟಗಾದ ಒಂದು ಪ್ರತಿಯನ್ನು ಅಕ್ಕ ಒಮ್ಮೆ ಮನೆಗೆ ಒಯ್ದಿದ್ದಳು. ಚೋಟು ಹೊಸ್ತಿಲ ಮೇಲೆ ಕೂತು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಮೂರು ಅಧ್ಯಾಯ ಮುಗಿಸಿದಳು. ಪುಸ್ತಕ ತಿರುಗಿಸಿ ಹಿಂದಿನ ಮುದ್ರೆ ಓದಿದಳು. ಆಮೇಲೆ ತೀರಾ ಗಂಭೀರವಾಗಿ ಕೇಳಿದಳು: "ಅಜ್ಜೀ, ಇದ್ರಲ್ಲಿ ಎಲ್ಲಿ ನಗ್ಬೇಕು?"

ಮಗು ಮೊದಲ ಪುಟದಿಂದ ಮತ್ತೆ ಶುರು ಮಾಡಿತು, ನಗು ಕಾಣದ್ದು ತನ್ನ ಓದಿನದೇ ತಪ್ಪೇನೋ ಎಂಬಂತೆ. ಊರ ತುಂಬ ಎಷ್ಟು ಕೂಸುಗಳು ಹೀಗೆ ತಮ್ಮನ್ನೇ ಬೈದುಕೊಂಡು ಕೂತಿವೆಯೋ ಎಂದು ಹೊಲಿಗೆಯಕ್ಕನಿಗೆ ಆ ಸಂಜೆ ಅನ್ನಿಸಿತ್ತು. ಆದರೂ ಮುಂದಿನ ಗುರುವಾರ ಹುಬ್ಬು ಏರಿದಾಗ ಬಾಯಿ ತಾನಾಗಿ ನಕ್ಕಿತ್ತು. ಅಭ್ಯಾಸ ಅನ್ನುವುದು ಹೊಲಿಗೆಗಿಂತ ಗಟ್ಟಿ.

ಈ ಗುರುವಾರ ಪುಸ್ತಕ ಬರೆದವರೂ ಬಂದಿದ್ದರು. ದೊಡ್ಡ ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದವರು. ಅವರ ಜೋಕುಗಳಿಗೆ ಮೂವತ್ತು ವರ್ಷ ಕೈಕೆಳಗಿನವರು ನಕ್ಕಿದ್ದರು. ನಿವೃತ್ತಿಯಾದ ಮರುದಿನದಿಂದ ಯಾರೂ ನಗಲಿಲ್ಲವಾಗಿ, ಎದುರು ಮಾತಾಡಲಾರದವರು ಇನ್ನು ಯಾರಿದ್ದಾರೆಂದು ಹುಡುಕಿ, ಮಕ್ಕಳಿಗೆ ಬರೆಯಲು ಕೂತಿದ್ದರು. ಇಪ್ಪತ್ತೆರಡು ಪುಸ್ತಕ, ಇಪ್ಪತ್ತೆರಡೂ ಪಾಸು. ಹೆಂಗಸರು ಅವರನ್ನು ಬೆನ್ನ ಹಿಂದೆ ನಗೆಡಬ್ಬಿ ಅನ್ನುತ್ತಿದ್ದರು. ಇಂದು ನಗೆಡಬ್ಬಿ ಮೇಜಿನ ತುದಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ತಮ್ಮ ಸಾಲುಗಳಿಗೆ ತಾವೇ ಮುಂಚಿತವಾಗಿ ಮುಗುಳ್ನಗುತ್ತ ಕೂತಿದ್ದರು. ಊರಿನ ಎಲ್ಲ ಶಾಲೆಗಳ ಒಂದನೆಯ ತರಗತಿಗೂ ಈ ಪುಸ್ತಕವೇ ಹೋಗುವುದೆಂದು, ತಾವೇ ಶಾಲೆ ಶಾಲೆಗೆ ಹೋಗಿ ಓದಿ ತೋರಿಸುವುದೆಂದು ಆಗಲೇ ತೀರ್ಮಾನವಾಗಿತ್ತಂತೆ. ಚೋಟುವಿನ ಶಾಲೆಯೂ ಆ ಪಟ್ಟಿಯಲ್ಲಿತ್ತು.

ಪುಸ್ತಕದ ಹೆಸರು 'ಪೆದ್ದಮ್ಮನ ತೋಳು'. ಮೊದಲ ಪುಟದಲ್ಲಿ ಬದನೆಕಾಯಿ ಮೂಗಿನ ಪೆದ್ದಮ್ಮ ಪುಸ್ತಕ ಹೊಲಿಯುತ್ತಿದ್ದಳು. ಎರಡನೆಯದರಲ್ಲಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದುವಂತೆ ನಟಿಸುತ್ತಿದ್ದಳು. ಎರಡಕ್ಕೂ ಗುರುತು ಬಿದ್ದಿತ್ತು. ಯಜಮಾನರು ಮೂರನೆಯ ಪುಟ ತೆರೆದು ಕೊರಳು ಸರಿಮಾಡಿಕೊಂಡರು.

"ಪೆದ್ದಮ್ಮ ಹೊಲಿದಳು ಸರಸರ ಸರಸರ. ಪುಸ್ತಕದ ಜೊತೆ ತನ್ನ ಅಂಗಿಯ ತೋಳನ್ನೂ ಹೊಲಿದುಬಿಟ್ಟಳು!"

ಎರಡೂ ಹುಬ್ಬು ಏರಿದವು. ಏಳು ಜನ ಹೊಟ್ಟೆ ಹಿಡಿದುಕೊಂಡರು. ಗೋಂದಕ್ಕನ ಕುಂಚ ಮಾತ್ರ ರಟ್ಟಿನ ಮೇಲೆ ನಿಂತಲ್ಲೇ ನಿಂತಿತು. ಅವಳು ತಲೆಯೆತ್ತಿ ಹೊಲಿಗೆಯಕ್ಕನ ಮುಖ ನೋಡಿದಳು. ಹೊಲಿಗೆಯಕ್ಕ ನೆಲ ನೋಡುತ್ತಿದ್ದಳು. ಗುರುತು ಬಿತ್ತು, ಮೂರನೆಯದು.

"ಯಾರೋ ಕರೆದರು, ಪೆದ್ದಮ್ಮ ಎದ್ದಳು. ಪುಸ್ತಕವೂ ಎದ್ದಿತು! ದಡಬಡ ದಡಬಡ ರಾಶಿ ಬಿತ್ತು. ಪೆದ್ದಮ್ಮನಿಗೆ ಗೊತ್ತೇ ಆಗಲಿಲ್ಲ. ಬೀದಿಯಲ್ಲಿ ನಡೆದಳು, ತೋಳಿನಲ್ಲಿ ಪುಸ್ತಕ ನೇತಾಡಿತು. ನಾಯಿಗಳು ಬೊಗಳಿದವು, ಮಕ್ಕಳೆಲ್ಲ ಕೂಗಿದರು: ಪೆದ್ದಮ್ಮ! ಪೆದ್ದಮ್ಮ!"

ಹುಬ್ಬು ಏರಿತು. ಈ ಸಲ ಮೂವರು ನಕ್ಕರು, ಅರ್ಧಕ್ಕೇ ನಿಲ್ಲಿಸಿದರು. ಕಾಗದ ಕತ್ತರಿಸುವ ಕೆಲಸದವಳು, ನಾಲಿಗೆಯೂ ಹಾಗೇ ಇದ್ದುದರಿಂದ ಕತ್ತರಿ ಎಂದೇ ಹೆಸರಾದವಳು, ಪಕ್ಕದವಳ ಮೊಣಕೈ ತಿವಿದು "ಏನೇ ಅದು?" ಎಂದು ಪಿಸುಗುಟ್ಟಿದಳು. ಅವಳು ಸೇರಿ ಎರಡೇ ವರ್ಷ. ಗೋಂದಕ್ಕ ಅವಳ ಕಿವಿಗೆ ಬಾಯಿಟ್ಟು ಎರಡು ಮಾತು ಹೇಳಿದಳು. ಕತ್ತರಿಯ ಮುಖ ಬಿಗಿಯಿತು. ಆ ಎರಡು ಮಾತು ಮೇಜಿನ ಸುತ್ತ ಕಿವಿಯಿಂದ ಕಿವಿಗೆ ಹೋಯಿತು.

"ಗುರುತು ಸಿಗ್ಲಿಲ್ವಾ?" ಯಜಮಾನರು ಉದಾರವಾಗಿ ಕೈಚಾಚಿದರು. "ನಮ್ಮ ಹೊಲಿಗೆಯಕ್ಕನೇ ಕಣ್ರೀ ಇದು! ಅವತ್ತು ಆಯ್ತಲ್ಲ, ತೋಳು ಹೊಲ್ಕೊಂಡು ಎದ್ದಿದ್ದು, ಹಾಗೇ ಆಸ್ಪತ್ರೆಗೆ ಓಡಿದ್ದು. ಊಟಕ್ಕೆ ಕೂತಾಗ ಇವರಿಗೆ ಹೇಳ್ದೆ. ಎಷ್ಟು ನಕ್ಕಿದೀವಿ ಅಂತೀರಿ! ನೋಡಿ, ನೀವು ಪುಸ್ತಕ ಹೊಲೀತಿದ್ದೋರು ಪುಸ್ತಕದೊಳಗೇ ಬಂದ್ಬಿಟ್ರಿ. ಸಂತೋಷ ಅಲ್ವಾ?"

ಅವತ್ತು, ನಾಲ್ಕು ವರ್ಷದ ಹಿಂದೆ, ಮೇಲಿನ ಕೋಣೆಗೆ ಫೋನು ಬಂದಿತ್ತು. ಹೊಲಿಗೆಯಕ್ಕ ಗಾಬರಿಯಿಂದ ಎದ್ದಾಗ ಅಂಗಿಯ ತೋಳಿನ ಅಂಚು ಪುಸ್ತಕದ ಬೆನ್ನಿಗೆ ಸೇರಿಹೋಗಿತ್ತು. ಆ ದಿನ ಬೆಳಗಿನಿಂದಲೇ ಅವಳ ಮನಸ್ಸು ಸೂಜಿಯ ಮೇಲಿರಲಿಲ್ಲ. ರಾಶಿ ಉರುಳಿತು, ಎಲ್ಲರೂ ನಕ್ಕರು, ಮೆಟ್ಟಿಲ ಮೇಲೆ ನಿಂತಿದ್ದ ಯಜಮಾನರೂ ನಕ್ಕರು. ಫೋನಿನಲ್ಲಿ ಅಳಿಯ "ಅತ್ತೇ, ಬೇಗ ಬನ್ನಿ" ಎಂದಷ್ಟೇ ಹೇಳಿದ. ಆಸ್ಪತ್ರೆಯವರೆಗೂ ಓಡಿದಳು, ದಾರ ಕತ್ತರಿಸಬೇಕೆಂಬುದೂ ಹೊಳೆಯಲಿಲ್ಲ. ಮಗಳು ಮಂಚದ ಮೇಲಿಂದ ಅವಳ ತೋಳು ನೋಡಿದಳು. ಮೂಗಿನ ಮೇಲಿದ್ದ ಕೊಳವೆಯನ್ನು ಸರಿಸಿ, "ಏನಮ್ಮಾ, ಕೆಲಸಾನ ಕೈಗೆ ಕಟ್ಕೊಂಡೇ ಬಂದ್ಯಾ?" ಎಂದು ನಕ್ಕಳು. ಉಸಿರಿಲ್ಲದ, ಆದರೂ ತುಂಬಿದ ನಗು. ತಾಯಿಯೂ ನಕ್ಕಳು. ಇಬ್ಬರೂ ನಗುವುದನ್ನು ನೋಡಿ ಮಂಚದ ಕಾಲ್ದೆಸೆಯಲ್ಲಿ ಕೂತಿದ್ದ ಎರಡು ವರ್ಷದ ಕೂಸೂ ಕೇಕೆ ಹಾಕಿತು. ದೀಪ ಹಚ್ಚುವ ಹೊತ್ತಿಗೆ ಮಗಳಿರಲಿಲ್ಲ.

ಚೋಟುವಿಗೆ ತಾಯಿಯ ಮುಖ ನೆನಪಿಲ್ಲ. ಇರುವುದು ಈ ಕಥೆಯೊಂದೇ. ದಿನಾ ಸಂಜೆ "ಅಜ್ಜೀ, ತೋಳಿನ ಕಥೆ" ಎಂದು ತಲೆ ತಿನ್ನುವಳು. ಕೈಗೆ ಕಟ್ಕೊಂಡೇ ಬಂದ್ಯಾ ಅನ್ನುವಲ್ಲಿ ಅಜ್ಜಿಗಿಂತ ಮೊದಲೇ ತಾನೇ ಹೇಳಿ, ಬಿದ್ದೂ ಬಿದ್ದೂ ನಗುವಳು. ಆ ಮನೆಯಲ್ಲಿ ಅಮ್ಮ ಎಂದರೆ ಆ ಒಂದು ನಗು.

ಯಜಮಾನರಿಗೂ ಇದು ಗೊತ್ತಿದ್ದದ್ದೇ. ಆಗ ಒಂದು ಸಂತಾಪದ ಚೀಟಿ ಕಳಿಸಿದ್ದರು, ಟೈಪು ಮಾಡಿಸಿ. ಆಮೇಲೆ ಸಾವು ಮರೆತುಹೋಗಿ ತೋಳು ಮಾತ್ರ ಉಳಿದಿತ್ತು. ಹಾಗೆ ಮರೆಯುವುದಕ್ಕೂ ಒಂದು ಎತ್ತರ ಬೇಕಾಗುತ್ತದೆ. ಮೇಲಿನ ಮಹಡಿಯಿಂದ ನೋಡುವವರಿಗೆ ಕೆಳಗಿನವರ ತೋಳು ಕಾಣುತ್ತದೆ, ಮುಖ ಕಾಣುವುದಿಲ್ಲ.

"ಮುಂದೆ ಓದಲಾ?" ಎಂದರು ಯಜಮಾನರು. ಹುಬ್ಬು ಏರಿಯೇ ಇತ್ತು, ಇಳಿಸುವುದು ಮರೆತಂತಿತ್ತು. ಯಾರೂ ನಗಲಿಲ್ಲ.

ನಗೆಡಬ್ಬಿ ಕೆಮ್ಮಿದರು. "ಇವತ್ತು ಇವರ ಮನಸ್ಥಿತಿ ಸರಿ ಇಲ್ಲ ಅಂತ ಕಾಣುತ್ತೆ. ಹಾಸ್ಯ ಅನ್ನೋದು ಸೂಕ್ಷ್ಮ. ಎಲ್ರಿಗೂ ದಕ್ಕೋದಲ್ಲ. ತಮ್ಮನ್ನ ನೋಡಿ ತಾವೇ ನಗೋದಕ್ಕೆ ಒಂದು ಸಂಸ್ಕಾರ ಬೇಕು."

ಹೊಲಿಗೆಯಕ್ಕ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟಳು. "ಇದನ್ನ ನಾನು ಹೊಲಿಯಲ್ಲ ಯಜಮಾನ್ರೇ" ಎಂದಳು.

"ಯಾಕೆ? ಮೂಗು ದೊಡ್ಡದಾಯ್ತಾ? ಚಿಕ್ಕದು ಮಾಡ್ಸೋಣ ಬಿಡಿ."

"ಮೂಗಿನ ಮಾತಲ್ಲ. ಅವತ್ತು ನಾನು ಹೋಗಿದ್ದು ನನ್ನ ಮಗಳು ಸಾಯ್ತಿದ್ಲು ಅಂತ. ಅವಳು ಕೊನೇ ಸಲ ನಕ್ಕಿದ್ದು ಆ ತೋಳು ನೋಡಿ. ಅವಳ ಕೂಸು ಒಂದನೇ ಕ್ಲಾಸಲ್ಲಿದೆ. ಇವರು ಹೋಗಿ ಇದನ್ನ ಓದ್ತಾರೆ, ಕ್ಲಾಸಿಗೆ ಕ್ಲಾಸೇ ಪೆದ್ದಮ್ಮ ಪೆದ್ದಮ್ಮ ಅಂತ ಕೂಗುತ್ತೆ. ಆಮೇಲೆ ಆ ಮಗು ಮನೆಗೆ ಬಂದು ಯಾವ ಕಥೆ ಕೇಳ್ಬೇಕು?"

ಯಜಮಾನರ ಹುಬ್ಬು ಈಗ ಇಳಿಯಿತು. "ಓಹ್" ಎಂದರು. "ಹೌದಲ್ವಾ." ಒಂದು ಕ್ಷಣ ಅವರ ಮುಖದಲ್ಲಿ ಮನುಷ್ಯನೊಬ್ಬ ಇಣುಕಿದಂತಾಯಿತು. ಅಷ್ಟರಲ್ಲಿ ನಗೆಡಬ್ಬಿ ಕೈಯೆತ್ತಿದರು.

"ತಾಯೀ, ವೈಯಕ್ತಿಕ ದುಃಖ ಬೇರೆ, ಸಾಹಿತ್ಯ ಬೇರೆ. ಇದರಲ್ಲಿ ಆಸ್ಪತ್ರೆ ಎಲ್ಲಿದೆ, ಹೇಳಿ? ನಾನು ತೆಗೆದುಹಾಕಿದ್ದೀನಿ. ಮಕ್ಕಳಿಗೆ ನಗು ಕೊಡ್ಬೇಕು, ಕಣ್ಣೀರಲ್ಲ. ನನ್ನ ಇಪ್ಪತ್ತೆರಡು ಪುಸ್ತಕಕ್ಕೂ ನೀವೇ ನಕ್ಕಿದ್ದೀರಿ. ಇದೇ ಮೇಜಲ್ಲಿ. ದಾಖಲೆ ಇದೆ."

"ನಾವು ನಕ್ಕಿಲ್ಲ ಸ್ವಾಮಿ."

"ಏನಂದ್ರಿ?"

"ನಕ್ಕಿಲ್ಲ ಅಂದೆ. ಹನ್ನೊಂದು ವರ್ಷದಿಂದ ಒಂದಕ್ಕೂ ನಕ್ಕಿಲ್ಲ." ಹೊಲಿಗೆಯಕ್ಕನ ದನಿ ಏರಲಿಲ್ಲ, ದಾರ ಎಳೆಯುವಷ್ಟೇ ಸಮನಾಗಿತ್ತು. "ಯಜಮಾನ್ರ ಒಂದು ಹುಬ್ಬು ಎದ್ರೆ ಹಿಹಿಹಿ. ಎರಡೂ ಎದ್ರೆ ಹೊಟ್ಟೆ. ಕೊನೇಲಿ ಗೋಂದಕ್ಕನ ಪಕ್ಕೆ. ಚಹಾ ಆರಬಾರದಲ್ಲ, ಅದಕ್ಕೆ."

ಯಜಮಾನರು ಮಾದರಿ ಪ್ರತಿಯನ್ನು ಎದೆಗೊತ್ತಿಕೊಂಡರು.

"'ಮೂಗಿಲ್ಲದ ಮೊಲ'?" ಎಂದು ಕೇಳಿದರು, ಸಣ್ಣ ದನಿಯಲ್ಲಿ.

"ಇಲ್ಲ ಯಜಮಾನ್ರೇ."

"'ಬೆಕ್ಕಿನ ಬನಿಯನ್'? ಅದಕ್ಕೆ ಹದಿನೇಳು ಗುರುತು ಬಿದ್ದಿತ್ತು!"

"ಅವತ್ತು ಚಳಿ ಜಾಸ್ತಿ ಇತ್ತು. ಚಹಾ ಬೇಗ ಆರ್ತಿತ್ತು" ಎಂದಳು ಗೋಂದಕ್ಕ.

"'ಆನೆಯ ಆಕಳಿಕೆ'?"

"ಅದಕ್ಕೆ ಆಕಳಿಸಿದ್ವಿ" ಎಂದಳು ಕತ್ತರಿ. "ನೀವು ನಗು ಅಂತ ಬರ್ಕೊಂಡ್ರಿ."

"ಒಂದಕ್ಕಾದ್ರೂ...?"

ಹೆಂಗಸರು ಮುಖ ಮುಖ ನೋಡಿಕೊಂಡರು. ಗೋಂದಕ್ಕನಿಗೆ ಕನಿಕರ ಬಂದಿರಬೇಕು. "ಒಂದ್ಸಲ ನಿಜವಾಗ್ಲೂ ನಕ್ಕಿದ್ವಿ. ನೀವು ಕೋತಿ ಹಾರೋದು ತೋರಿಸಕ್ಕೆ ಹೋಗಿ ಕುರ್ಚಿಯಿಂದ ಬಿದ್ರಲ್ಲ, ಅವತ್ತು."

ಮೊದಲು ಕತ್ತರಿಗೆ ಮೂಗಿನಲ್ಲಿ ನಗು ಬಂತು. ಆಮೇಲೆ ಅವಳ ಪಕ್ಕದವಳಿಗೆ. ತಡೆಯುವಷ್ಟು ತಡೆದರು, ಆಮೇಲೆ ಕಟ್ಟೆ ಒಡೆಯಿತು. ಆ ನಗು ಹಿಹಿಹಿ ಎಂದಿರಲಿಲ್ಲ. ಒಬ್ಬಳು ಗೊರಕೆಯಂತೆ ನಕ್ಕಳು, ಒಬ್ಬಳು ಸದ್ದೇ ಇಲ್ಲದೆ ಭುಜ ಕುಣಿಸಿದಳು, ಒಬ್ಬಳ ಕೈಯಿಂದ ಮಡಿಸಿದ ಹಾಳೆಗಳ ಕಟ್ಟು ಜಾರಿ ನೆಲಕ್ಕೆ ಬಿತ್ತು. ಯಜಮಾನರು ದಂಗಾಗಿ ನೋಡುತ್ತಿದ್ದರು. ಹನ್ನೊಂದು ವರ್ಷ ನಗು ಅಳೆದ ಮನುಷ್ಯ ಪರೀಕ್ಷೆಯ ಹೊತ್ತಿನಲ್ಲಿ ನಿಜವಾದ ನಗುವನ್ನು ನೋಡುತ್ತಿದ್ದುದು ಅದೇ ಎರಡನೆಯ ಸಲ.

ನಗೆಡಬ್ಬಿ ಎದ್ದು ನಿಂತರು. ಅವರ ಬಣ್ಣ ಹಚ್ಚಿದ ಕೂದಲಿನ ಬುಡದವರೆಗೂ ಕೆಂಪೇರಿತ್ತು. "ಇದು ಅವಮಾನ! ಈ ಬೈಂಡಿಂಗ್‌ನೋರ ಮಾತು ಕಟ್ಕೊಂಡು ನನ್ನ ಕೃತಿ ತೂಗ್ತೀರಾ? ನೀವು ಮಾಡದಿದ್ರೆ ಪ್ರಕಾಶಕರಿಗೇನು ಬರವೇ? ನಾಳೇನೇ ಬೇರೆಯವರಿಗೆ ಕೊಡ್ತೀನಿ."

"ಕೊಡಿ ಸಾರ್" ಎಂದಳು ಕತ್ತರಿ, ಕಣ್ಣೊರೆಸಿಕೊಳ್ಳುತ್ತ. "ಎಲ್ಲಿ ಕೊಟ್ರೂ ಹೊಲಿಯಕ್ಕೆ ಕೆಳಗಡೆಗೇ ಬರ್ಬೇಕಲ್ಲ. ಆ ಬೀದಿ ಪ್ರೆಸ್ಸಲ್ಲಿ ನನ್ನ ತಂಗಿ, ಈ ಬೀದೀಲಿ ಗೋಂದಕ್ಕನ ಸೊಸೆ. ಎಲ್ರಿಗೂ ಹೇಳಿರ್ತೀವಿ."

ನಗೆಡಬ್ಬಿ ಯಜಮಾನರ ಕಡೆ ತಿರುಗಿದರು. ಯಜಮಾನರು ನ್ಯಾಯದ ಪಕ್ಷವನ್ನು ಹಿಡಿದರೆಂದು ಯಾರೂ ಭಾವಿಸಬೇಕಾಗಿಲ್ಲ. ಅರುವತ್ತು ಪುಸ್ತಕಗಳ ಹಿಂಬದಿಗೆ ಹೊಡೆದ ಕೆಂಪು ಮುದ್ರೆ ಅವರ ಕಣ್ಣಮುಂದೆ ಸುತ್ತುತ್ತಿತ್ತು. ಈ ಹೆಂಗಸರು ಇದನ್ನು ಬೀದಿಗೆ ಒಯ್ದರೆ ಏನು ಗತಿ ಎಂದು ಲೆಕ್ಕ ಹಾಕುತ್ತಿದ್ದರು. ಕೊನೆಗೆ ಅವರು ಹೇಡಿಗಳೆಲ್ಲ ಅಡಗುವ ಜಾಗದಲ್ಲೇ ಅಡಗಿದರು.

"ಸಾರ್, ನಿಯಮ ನಿಯಮವೇ. ಹತ್ತು ಗುರುತು ಬೇಕು. ಮೂರೇ ಬಿದ್ದಿದೆ."

ಮಾದರಿ ಪ್ರತಿಯನ್ನು ಅವರು ಮೇಜಿನ ಮೇಲಿಟ್ಟರು. ಅದನ್ನು ಹೊಲಿದದ್ದು ಹೊಲಿಗೆಯಕ್ಕನೇ, ಇಂದೇ ಬೆಳಿಗ್ಗೆ, ಒಳಗೇನಿದೆ ಎಂದು ನೋಡದೆ. ಅವಳು ಅದನ್ನು ಎಳೆದುಕೊಂಡು, ಬೆನ್ನಿನ ನಡುವಿನ ಗಂಟಿಗೆ ಸಣ್ಣ ಚಾಕು ತಾಗಿಸಿ, ದಾರವನ್ನು ಇಡಿಯಾಗಿ ಹೊರಗೆಳೆದಳು. ಹಾಳೆಗಳು ಒಂದರ ಮೇಲೊಂದು ಸಡಿಲವಾಗಿ ಹರಡಿಕೊಂಡವು. ಗುರುತು ಬೀಳದ ಹಾಳೆಗಳನ್ನು ಅವಳು ಒಟ್ಟುಮಾಡಿ, ಅಂಚು ಸಮನಾಗಿ ಕುಟ್ಟಿ, ಬರೆದವರ ಕೈಗೇ ಕೊಟ್ಟಳು. ಮೂರು ಗುರುತು ಇದ್ದ ಪುಟಗಳನ್ನು ಮಾತ್ರ ಇಟ್ಟುಕೊಂಡು ರಬ್ಬರಿನಿಂದ ಗುರುತು ಅಳಿಸಿ, ಆಮೇಲೆ ಅವನ್ನೂ ಕೊಟ್ಟಳು. ನಗೆಡಬ್ಬಿ ಬಾಗಿಲು ದಾಟುವಾಗ ಒಂದು ಹಾಳೆ ಜಾರಿ ಬಿತ್ತು. ಬಗ್ಗಿ ಹೆಕ್ಕಿಕೊಂಡರು. ಯಾರೂ ಸಹಾಯಕ್ಕೆ ಏಳಲಿಲ್ಲ.

"ಹಾಗಾದ್ರೆ ಇನ್ಮೇಲೆ ಯಾರನ್ನ ಕೇಳ್ಬೇಕು ನಾನು?" ಯಜಮಾನರು ಖಾಲಿ ಕುರ್ಚಿಯನ್ನು ಹಿಡಿದು ನಿಂತಿದ್ದರು. ದನಿ ನಿಜವಾಗಿಯೂ ಅನಾಥವಾಗಿತ್ತು.

"ಮಕ್ಕಳನ್ನ" ಎಂದಳು ಹೊಲಿಗೆಯಕ್ಕ.

"ಮಕ್ಕಳನ್ನಾ?" ಎಂದರು ಯಜಮಾನರು. ಮಕ್ಕಳ ಪುಸ್ತಕದ ಕಟ್ಟಡದಲ್ಲಿ ಆ ಸಲಹೆ ಬಂದದ್ದು ಅದೇ ಮೊದಲು.

ಮುಂದಿನ ಗುರುವಾರ ಶಾಲೆಗೆ ರಜೆಯಿತ್ತು. ಹೊಲಿಗೆಯಕ್ಕ ಚೋಟುವಿನ ಮುಖ ತೊಳೆಸಿ, ತಲೆ ಬಾಚಿ, ಕೈ ಹಿಡಿದು ಕರೆತಂದಳು. ಯಜಮಾನರು ಕುರ್ಚಿಗೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಅವಳನ್ನು ಕೂರಿಸಿದರು, ಅವಳ ಕೈಗಳನ್ನೇ ಅನುಮಾನದಿಂದ ನೋಡುತ್ತ. ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೆಂಗಸರು ತಲೆಯೆತ್ತದೆ ಹೊಲಿಯುತ್ತಿದ್ದರು, ಬಳಿಯುತ್ತಿದ್ದರು, ಮಡಿಸುತ್ತಿದ್ದರು. ಚಹಾ ಅವರವರ ಪಕ್ಕದಲ್ಲಿ ಆರುತ್ತಿತ್ತು.

ಯಜಮಾನರು ಹೊಸ ಮಾದರಿ ಪ್ರತಿ ತೆರೆದು ಅವಳ ಮುಂದೆ ಹಿಡಿದು ಓದಿದರು. ಒಂದು ಕಪ್ಪೆ ಇತ್ತು, ಕಪ್ಪೆಗೆ ಟೋಪಿ ಇತ್ತು. ಪುಟದ ಕೊನೆಗೆ ಎಡಹುಬ್ಬು ತಾನಾಗಿ ಏರಿತು. ಚೋಟು ಆ ಹುಬ್ಬನ್ನು ಕುತೂಹಲದಿಂದ ನೋಡಿದಳು. ಅದು ಇಳಿಯುವವರೆಗೂ ನೋಡಿದಳು. ಆಮೇಲೆ ಮತ್ತೆ ಕಪ್ಪೆಯನ್ನು ನೋಡಿದಳು. ಯಜಮಾನರ ಪೆನ್ಸಿಲು ಕಾಗದದಿಂದ ಒಂದು ಬೆರಳಗಲ ಮೇಲೆ ನಿಂತಿತ್ತು. ಅವರು ಎರಡನೆಯ ಪುಟ ಓದಿದರು, ಮೂರನೆಯದನ್ನು ಇನ್ನಷ್ಟು ಮೆಲ್ಲಗೆ ಓದಿದರು. ತಮ್ಮ ದನಿಯನ್ನೇ ತಾವು ಕೇಳಿಸಿಕೊಳ್ಳುತ್ತಿರುವಂತೆ ನಡುನಡುವೆ ತಡೆದರು.

ನಾಲ್ಕನೆಯ ಪುಟದ ನಡುವೆ ಚೋಟು ತೋರುಬೆರಳನ್ನು ನಾಲಿಗೆಗೆ ಒತ್ತಿಕೊಂಡು, ಮೇಜಿನ ಮೇಲೆ ಬಾಗಿ, ಮಜಾ ಮುಂದೆ ಎಲ್ಲಾದರೂ ಸಿಗುವುದೇನೋ ಎಂಬಂತೆ ಎರಡು ಹಾಳೆ ಒಟ್ಟಿಗೇ ತಿರುವಿದಳು.